ಅಪರೂಪದ ಇಂಗ್ಲಿಷ್ ಪದಕ್ಕೆ ಹೆದರುವ ಮಕ್ಕಳಿಗೆ ನಾಲ್ಕು ಮಾತು

ನಮ್ಮ ರವೀಂದ್ರನಗರದಲ್ಲಿ ಪಿಯುಸಿ, ಡಿಗ್ರಿ ಓದುವ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಗೊತ್ತಿಲ್ಲದ ಇಂಗ್ಲಿಷ್ ಪದ ಬಂತೆಂದರೆ ಅವರ ದನಿ ಉಡುಗುತ್ತದೆ. ಮಕ್ಕಳೇ, ಕೊರತೆ ನಿಮ್ಮ ಬುದ್ಧಿಯದಲ್ಲ. ಕನ್ನಡವನ್ನು ಬರೆದಂತೆ ಓದಬಹುದು, ಇಂಗ್ಲಿಷನ್ನು ಹಾಗೆ ಓದಲಾಗದು.

• ಕಾಗುಣಿತ ನೋಡಿ ಉಚ್ಚಾರ ಊಹಿಸಬೇಡಿ, ಮೊದಲು ಕೇಳಿ. ಪಕ್ಕದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆಯಿದೆ. ಆದರೂ ನಮ್ಮಲ್ಲಿ ಬಹಳ ಮಂದಿ ಕುಲುಮೆಯನ್ನು ‘ಫರ್ನೇಸ್’ ಎನ್ನುತ್ತಾರೆ. ಅದು ‘ಫರ್ನಿಸ್’. ಮೊಬೈಲ್ ನಿಘಂಟಿನಲ್ಲಿ ಪದದ ಪಕ್ಕ ಸ್ಪೀಕರಿನ ಚಿಹ್ನೆ ಇರುತ್ತದೆ. ಅದನ್ನು ಒತ್ತಿ, ಕೇಳಿ, ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ನಾಲಿಗೆ ಪಳಗುವುದಿಲ್ಲ.

• ಉಲಿಯದ ಅಕ್ಷರಗಳಿಗೂ ಕಾರಣವಿದೆ. ‘ಆರೋಪ ಹೊರಿಸು’ ಎಂಬ ಅರ್ಥದ ಪದವನ್ನು ಐ-ಎನ್-ಡಿ-ಐ-ಸಿ-ಟಿ ಎಂದು ಬರೆದು ‘ಇಂಡೈಟ್’ ಎನ್ನುತ್ತಾರೆ. ಲ್ಯಾಟಿನ್ ಮೂಲ ಕಾಣಲೆಂದು ಪಂಡಿತರು ಆ ‘ಸಿ’ಯನ್ನು ಆಮೇಲೆ ಸೇರಿಸಿದರು, ಜನರ ಉಚ್ಚಾರ ಮಾತ್ರ ಬದಲಾಗಲಿಲ್ಲ. ‘ರಿಸೀಟ್’ನ ‘ಪಿ’, ‘ಡೆಟ್’ನ ‘ಬಿ’ ಕೂಡ ಹೀಗೆಯೇ ಬಂದು ಕೂತವು.

• ಪದಗಳನ್ನು ಒಂಟಿಯಾಗಿ ಕಲಿಯಬೇಡಿ, ಬಳಗ ಹಿಡಿದು ಕಲಿಯಿರಿ. ಗ್ರೀಕ್ ಮೂಲದ ಹಲವು ಪದಗಳಲ್ಲಿ ಕೊನೆಯ ‘ಇ’ ಉಲಿಯುತ್ತದೆ. ಅತಿಶಯೋಕ್ತಿ ಎಂಬರ್ಥದ್ದು ‘ಹೈಪರ್ಬೋಲ್’ ಅಲ್ಲ, ‘ಹೈಪರ್ಬಲಿ’. ಮೂರ್ತರೂಪ ಎಂಬರ್ಥದ್ದು ‘ಎಪಿಟೋಮ್’ ಅಲ್ಲ, ‘ಇಪಿಟಮಿ’. ಮಹಾದುರಂತ ಎಂಬರ್ಥದ ‘ಕಟ್ಯಾಸ್ಟ್ರಫಿ’ಯೂ ಈ ಬಳಗದ್ದೇ. ಫ್ರೆಂಚಿನಿಂದ ಬಂದವುಗಳಲ್ಲಿ ಕೊನೆಯ ವ್ಯಂಜನ ಬಹಳ ಸಲ ಬಿದ್ದುಹೋಗುತ್ತದೆ: ‘ಡೆಬ್ರಿ’ಯಲ್ಲಿ ‘ಎಸ್’, ‘ಬ್ಯಾಲೆ’ಯಲ್ಲಿ ‘ಟಿ’.

• ನಾವು ಸಾಮಾನ್ಯವಾಗಿ ಎಡವುವುದು ಒತ್ತಿನಲ್ಲಿ. ಕನ್ನಡದ ಮಾತಿನಲ್ಲಿ ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಸಮಾನ ತೂಕ. ಇಂಗ್ಲಿಷಿನಲ್ಲಿ ಒಂದು ಕಡೆ ಒತ್ತು ಬಿದ್ದರೆ ಉಳಿದ ಸ್ವರಗಳು ಸೊರಗುತ್ತವೆ. ‘ಫೋಟೊಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫಟಾಗ್ರಫರ್’ ಎನ್ನುವಾಗ ಅದು ‘ಟಾ’ಗೆ ಜಾರುತ್ತದೆ, ‘ಫೋ’ ಹೋಗಿ ‘ಫ’ ಆಗುತ್ತದೆ. ಒತ್ತು ತಪ್ಪಿದರೆ ಅಕ್ಷರಗಳೆಲ್ಲ ಸರಿಯಿದ್ದರೂ ಕೇಳುವವರಿಗೆ ಪದವೇ ತಿಳಿಯದೆ ಹೋಗಬಹುದು. ನಿಘಂಟಿನ ಉಚ್ಚಾರದಲ್ಲಿ ಮೇಲ್ಗಡೆ ಸಣ್ಣ ಲಂಬ ಗೀಟು ಇರುತ್ತದಲ್ಲ, ಅದರ ಮುಂದಿನ ಭಾಗಕ್ಕೆ ಒತ್ತು. ನೋಟ್‌ಬುಕ್ಕಿನಲ್ಲಿ ಉಚ್ಚಾರವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ, ಆದರೆ ಒತ್ತಿನ ಭಾಗಕ್ಕೆ ಅಡಿಗೆರೆ ಎಳೆಯಿರಿ.

• ಎರಡು ‘ವ’ಗಳನ್ನು ಬೇರೆ ಮಾಡಿ. ‘ವೆಸ್ಟ್’ ಎಂದರೆ ಬನಿಯನ್ನೂ ಆದೀತು, ಪಶ್ಚಿಮವೂ ಆದೀತು. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪಶ್ಚಿಮಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಕನ್ನಡಿ ಮುಂದೆ ನಿಂತು ಮಾಡಿ ನೋಡಿ.

• ಅರ್ಥವನ್ನು ವಾಕ್ಯದ ಜೊತೆಗೇ ಬರೆದಿಡಿ. ಬ್ಯಾಂಕಿನವರು ಸಾಲ ‘ಸ್ಯಾಂಕ್ಷನ್’ ಮಾಡಿದರೆ ಅದು ಮಂಜೂರಾತಿ; ಒಂದು ದೇಶ ಇನ್ನೊಂದರ ಮೇಲೆ ‘ಸ್ಯಾಂಕ್ಷನ್’ ಹೇರಿದರೆ ನಿರ್ಬಂಧ. ನಿಘಂಟಿನ ಮೊದಲ ಅರ್ಥವನ್ನೇ ಉರು ಹೊಡೆದವರು ಇಂಥಲ್ಲಿ ಮುಗ್ಗರಿಸುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಒಮ್ಮೆ ಬಿಡಿಸಿ ನೋಡಿ. ಒಂದೊಂದು ಪದಕ್ಕೂ ಬೇರೆ ಬೇರೆ ಅರ್ಥಗಳನ್ನು ಬಿಡಿಸಿ ಹೇಳಿರುವ ದೊಡ್ಡ ಕೆಲಸ ಅದು. ಜಿ. ವೆಂಕಟಸುಬ್ಬಯ್ಯನವರ ನಿಘಂಟು ಮನೆಯಲ್ಲಿಟ್ಟುಕೊಳ್ಳಲು ಅನುಕೂಲ.

• ದಿನಕ್ಕೆ ಎರಡು ಪದ ಸಾಕು. ಕಲಿತದ್ದನ್ನು ಅವತ್ತೇ ಯಾರ ಜೊತೆಗಾದರೂ ಆಡಿ. ಪಟ್ಟಿ ಮಾಡಿ ಬಾಯಿಪಾಠ ಮಾಡಿದ ಪದಗಳು ಪರೀಕ್ಷೆ ಮುಗಿದ ಮಾರನೇ ದಿನವೇ ಮರೆತುಹೋಗುತ್ತವೆ.

• ಕೊನೆಯ ಮಾತು ದೊಡ್ಡವರಿಗೆ, ಮನೆಪಾಠ ಹೇಳುವ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ. ಮಗು ‘ಹೈಪರ್ಬೋಲ್’ ಎಂದು ಓದಿದರೆ ದಯವಿಟ್ಟು ನಗಬೇಡಿ. ಅದು ಆ ಪದವನ್ನು ಪುಸ್ತಕದಲ್ಲಿ ತಾನೇ ಓದಿ ಕಂಡುಕೊಂಡಿದೆ. ವಾಕ್ಯ ಮುಗಿಸಲು ಬಿಡಿ, ಆಮೇಲೆ ಸರಿಯಾದ ಉಚ್ಚಾರವನ್ನು ಮೆಲ್ಲಗೆ ಹೇಳಿಕೊಡಿ.