ಮೊದಲು ನೆಲ ನೋಡಿ, ಆಮೇಲೆ ಮನೆ

ಅಕ್ಕನ ಮಗಳು ಒಂದು ದಿನ ಫೋನ್ ಮಾಡಿದಳು. ದನಿಯಲ್ಲಿ ಸಂಭ್ರಮ. "ಚಿಕ್ಕಮ್ಮ, ಮನೆ ಸಿಕ್ತು. ಅಡುಗೆಮನೆ ಎಷ್ಟು ಚೆನ್ನಾಗಿದೆ ಗೊತ್ತಾ? ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತೆ. ಅಡ್ವಾನ್ಸ್ ಕೊಡೋಕೆ ಮುಂಚೆ ನೀವೊಂದ್ಸಲ ನೋಡಿಬಿಡಿ."

ಅದು ಬೆಂಗಳೂರಿನ ಪೂರ್ವದ ಅಂಚಿನ ಒಂದು ಬಡಾವಣೆ. ನಾವು ಹೋದದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ರಸ್ತೆ ಖಾಲಿ, ಆಕಾಶ ತಿಳಿ, ಮನೆ ನಿಜಕ್ಕೂ ಚೆಂದ. ಹೊರಗೆ ಬಂದಾಗ ಎದುರಿನ ಕಾಂಪೌಂಡ್ ಗೋಡೆಯ ಮೇಲೆ, ಮೊಣಕಾಲಿನ ಮಟ್ಟದಲ್ಲಿ ಒಂದು ಕಂದು ಗೆರೆ ಕಂಡಿತು. ಪಕ್ಕದ ಗೋಡೆಯ ಮೇಲೂ ಅದೇ ಗೆರೆ, ಅದರಾಚೆಯ ಗೋಡೆಯ ಮೇಲೂ ಅದೇ ಎತ್ತರಕ್ಕೆ. ಮೂಲೆಯ ಇಸ್ತ್ರಿ ಗಾಡಿಯವರನ್ನು ಕೇಳಿದೆ. ಅವರು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳಿದರು: "ಅದು ಹೋದ ಮಳೆಗಾಲದ್ದು ಅಮ್ಮ. ಅದರ ಹಿಂದಿನದರ ಮೇಲೆ ಬಣ್ಣ ಹೊಡೆದುಬಿಟ್ಟಿದ್ದಾರೆ."

ಹುಡುಗಿ ಮುಖ ಬಾಡಿಸಿಕೊಂಡಳು. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಹೇಳಿದ್ದನ್ನೇ, ಮೊದಲ ಸಲ ಮನೆ ಕೊಳ್ಳಲು ಹೊರಟ ಎಲ್ಲರಿಗೂ ಇಲ್ಲಿ ಬಿಡಿಸಿ ಹೇಳುತ್ತೇನೆ. ಅಡುಗೆಮನೆಯ ಕಟ್ಟೆಯನ್ನು ಬದಲಿಸಬಹುದು, ಒಳಗೋಡೆಯನ್ನು ಒಡೆದು ಕಟ್ಟಬಹುದು. ಮನೆ ನಿಂತ ನೆಲದ ತಗ್ಗನ್ನು, ಅಲ್ಲಿಗೆ ನೀರು ಬರುವ ದಾರಿಯನ್ನು, ಕೆಲಸಕ್ಕಿರುವ ದೂರವನ್ನು ಬದಲಿಸಲು ನಮ್ಮಿಂದಾಗದು. ಹಾಗಾಗಿ ನಾವು ಸಾಮಾನ್ಯವಾಗಿ ನೋಡುವ ಕ್ರಮವನ್ನೇ ತಿರುಗಿಸಬೇಕು. ಬದಲಿಸಲಾಗದ್ದನ್ನು ಮೊದಲು ನೋಡಬೇಕು, ಬದಲಿಸಬಹುದಾದ್ದನ್ನು ಕೊನೆಗೆ. ಉದಾಹರಣೆಗಳೆಲ್ಲ ಬೆಂಗಳೂರಿನ ಹೊರವಲಯದವು, ಕ್ರಮ ಮಾತ್ರ ಯಾವ ಊರಿಗೂ ಹೊಂದುತ್ತದೆ.

ಮಳೆ ನೀರು ಎಲ್ಲಿಗೆ ಹೋಗುತ್ತದೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಊರೊಳಗೆ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ: ಪಶ್ಚಿಮಕ್ಕೆ ವೃಷಭಾವತಿ, ಪೂರ್ವದ ಕಡೆಗೆ ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ. ಹಿಂದಿನವರು ಈ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ಕೆರೆಗಳ ಸಾಲನ್ನೇ ಮಾಡಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು, ರಾಜಕಾಲುವೆಯಲ್ಲಿ ಸಾಗಿ ಕೆಳಗಿನ ಕೆರೆಗೆ ಸೇರುತ್ತಿತ್ತು. ಬಡಾವಣೆಗಳು ಬಂದಂತೆ ಕೆರೆಯಂಗಳ ಕಿರಿದಾಯಿತು, ಕಾಲುವೆ ಒತ್ತುವರಿಯಾಯಿತು. ಇಳಿಜಾರು ಮಾತ್ರ ಇದ್ದ ಹಾಗೇ ಇದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಜಲಾವೃತವಾದವು. ಇವುಗಳಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳೂ ಇದ್ದವು, ಸಾಲ ಮಾಡಿ ಕೊಂಡ ಫ್ಲ್ಯಾಟುಗಳೂ ಇದ್ದವು. ನೀರು ಬೆಲೆ ನೋಡಿ ನುಗ್ಗುವುದಿಲ್ಲ, ತಗ್ಗು ನೋಡಿ ನುಗ್ಗುತ್ತದೆ.

ತಗ್ಗನ್ನು ಗುರುತಿಸುವುದು ಹೇಗೆ? ಮೊದಲು ಊರಿನ ಹೆಸರನ್ನೇ ಓದಿ. ಬೊಮ್ಮಸಂದ್ರ, ಸಿಂಗಸಂದ್ರ, ನಾಗಸಂದ್ರ ಎನ್ನುವಾಗ ಬರುವ 'ಸಂದ್ರ' ಎಂಬುದು 'ಸಮುದ್ರ'ದ ಆಡುರೂಪ. ದೊಡ್ಡ ಕೆರೆಗೆ ಹಿಂದೆ ಸಮುದ್ರ ಎಂದೇ ಹೆಸರಿಡುತ್ತಿದ್ದರು. ಹೆಸರಿನಲ್ಲಿ ಸಂದ್ರ, ಕೆರೆ, ಕೋಡಿ ಇದ್ದ ಮಾತ್ರಕ್ಕೆ ಅಲ್ಲೆಲ್ಲ ನೀರು ನುಗ್ಗುತ್ತದೆ ಎಂದಲ್ಲ. 'ಆ ಕೆರೆ ಎಲ್ಲಿದೆ? ಅದರ ಕೋಡಿ ಯಾವ ಕಡೆಗೆ? ನಾನು ನೋಡಿದ ಮನೆ ಏರಿಯ ಮೇಲಿದೆಯೋ ಕೆಳಗಿದೆಯೋ?' ಎಂಬ ಪ್ರಶ್ನೆ ಮಾತ್ರ ತಪ್ಪಬಾರದು. ಸರ್ಕಾರದ 'ದಿಶಾಂಕ್' ಆ್ಯಪ್ ಇಲ್ಲಿ ಒಳ್ಳೆಯ ಜತೆಗಾರ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ಹಳ್ಳಿಯ ನಕ್ಷೆಯ ಮೇಲೆ ತೋರಿಸುತ್ತದೆ. ಕೆರೆ, ಹಳ್ಳ, ಕಾಲುವೆ ಎಷ್ಟು ಹತ್ತಿರ ಎಂಬುದು ಅಲ್ಲೇ ಕಾಣುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ರೂಪಿಸಿದ 2015ರ ಮಹಾಯೋಜನೆಯಲ್ಲಿ ಕೆರೆಯಂಚಿನಿಂದ 30 ಮೀಟರ್, ಕಾಲುವೆಯ ನಡುವಿನಿಂದ ಅದರ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕೆಂಬ ನಿಯಮವಿದೆ. ಈ ಪಟ್ಟಿಯೊಳಗೆ ಬರುವ ಮನೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಇನ್ನು ಬೀದಿಯಲ್ಲಿ ನಡೆಯಿರಿ. ಗೇಟಿನ ಮುಂದೆ ಇಟ್ಟಿಗೆಯ ಅಡ್ಡಗಟ್ಟೆ ಕಟ್ಟಿಕೊಂಡಿದ್ದಾರೆಯೇ? ಹೊಸ ಮನೆಗಳ ಹೊಸ್ತಿಲು ಹಳೆಯವಕ್ಕಿಂತ ಮೂರ್ನಾಲ್ಕು ಅಡಿ ಎತ್ತರವೇ? ಬೇಸ್‌ಮೆಂಟ್ ಪಾರ್ಕಿಂಗಿನ ಗೋಡೆಯಲ್ಲಿ ನೀರಿನ ಕಲೆ ಇದೆಯೇ? ಇವೆಲ್ಲ ಮಳೆಗಾಲ ಬಿಟ್ಟುಹೋದ ಗುರುತುಗಳು.

ಕುಡಿಯುವ ನೀರು ಎಲ್ಲಿಂದ ಬರುತ್ತದೆ?

ಹೊರಹೋಗುವ ನೀರಿನಷ್ಟೇ ಮುಖ್ಯ ಒಳಬರುವ ನೀರು. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಿನ ಬಲದಿಂದ ಏರಿ ಬರುತ್ತದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳನ್ನು ಗಮನದಲ್ಲಿಟ್ಟು ರೂಪಿಸಿದ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಕೊಡುವ ಯೋಜನೆ ಅದು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಹೊರವಲಯದ ಎಷ್ಟೋ ಮನೆಗಳ ಬದುಕು ಟ್ಯಾಂಕರ್ ದಾರಿ ಕಾಯುವುದರಲ್ಲೇ ಕಳೆದಿತ್ತು.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. 'ಕಾವೇರಿ ಬಂದಿದೆ' ಎಂಬ ಮಾತಿಗೆ ಮೂರು ಅರ್ಥ ಇರಬಹುದು. ಮುಖ್ಯರಸ್ತೆಯಲ್ಲಿ ಪೈಪು ಹಾಕಿದ್ದಾರೆ ಎಂಬುದು ಒಂದು. ಈ ಮನೆಗೆ ಜಲಮಂಡಳಿಯ ಸಂಪರ್ಕ ಸಿಕ್ಕಿದೆ ಎಂಬುದು ಇನ್ನೊಂದು. ಮನೆಯ ಸಂಪ್‌ಗೆ ನಿಜವಾಗಿ ನೀರು ಬೀಳುತ್ತಿದೆ ಎಂಬುದು ಮೂರನೆಯದು. ನಿಮಗೆ ಬೇಕಾದ್ದು ಮೂರನೆಯದು. ಅದಕ್ಕೆ ಪುರಾವೆ ಜಲಮಂಡಳಿಯ ಬಿಲ್ಲು. ಅಪಾರ್ಟ್‌ಮೆಂಟ್ ಆದರೆ ಏಪ್ರಿಲ್ ತಿಂಗಳ ನಿರ್ವಹಣಾ ಲೆಕ್ಕ ತೋರಿಸಲು ಸಂಘದವರನ್ನು ಕೇಳಿ. ಆ ತಿಂಗಳು ಎಷ್ಟು ಟ್ಯಾಂಕರ್ ತರಿಸಿದರು ಎಂಬ ಒಂದೇ ಸಾಲು ಬ್ರೋಕರ್ ಹೇಳುವ ಹತ್ತು ಮಾತಿಗಿಂತ ಮೇಲು. ಒಳಚರಂಡಿ ಸಂಪರ್ಕವಿದೆಯೇ, ಇಲ್ಲದಿದ್ದರೆ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅಲ್ಲೇ ಕೇಳಿಬಿಡಿ.

ದೂರವನ್ನು ಗಂಟೆಯಲ್ಲಿ ಅಳೆಯಿರಿ

ಜಾಹೀರಾತಿನಲ್ಲಿ ಎಲ್ಲವೂ 'ಹತ್ತೇ ನಿಮಿಷ'. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಗೇಟಿನಿಂದ ಹೊರಟು ನಿಮ್ಮ ಕಚೇರಿಯವರೆಗೆ ಹೋಗಿ ನೋಡಿ. ಸಂಜೆ ಅದೇ ದಾರಿಯಲ್ಲಿ ವಾಪಸು ಬನ್ನಿ. ಆ ಎರಡು ಪಯಣ ಕೂಡಿಸಿದರೆ ಬರುವುದೇ ನಿಮ್ಮ ನಿಜವಾದ ದೂರ.

ಮೆಟ್ರೊ ವಿಷಯದಲ್ಲಿ 'ಬರುವ ಮೆಟ್ರೊ', 'ಓಡುವ ಮೆಟ್ರೊ' ಎಂದು ಎರಡು ಪಟ್ಟಿ ಮಾಡಿಕೊಳ್ಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಹಲವು ಗಡುವುಗಳನ್ನು ದಾಟಿ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಅದನ್ನು ನಂಬಿ ಮೊದಲೇ ಮನೆ ಕೊಂಡವರು ಆ ವರ್ಷಗಳನ್ನೆಲ್ಲ ಹೊಸೂರು ರಸ್ತೆಯ ದಟ್ಟಣೆಯಲ್ಲೇ ಕಳೆದರು. ಓಡುವ ಮೆಟ್ರೊಗೆ ಬೆಲೆ ಕೊಡಿ. ಬರುವ ಮೆಟ್ರೊ ಬಂದಾಗ ಸಂತೋಷಪಡೋಣ, ಇಂದಿನ ಲೆಕ್ಕಕ್ಕೆ ಸೇರಿಸಬೇಡಿ. ನಿಲ್ದಾಣದಿಂದ ಮನೆಯ ತನಕ ರಾತ್ರಿ ಒಂಬತ್ತಕ್ಕೆ ನಡೆದು ಬರಬಹುದೇ, ಬೀದಿದೀಪವಿದೆಯೇ, ಬಸ್ಸು ಅಥವಾ ಆಟೊ ಸಿಗುತ್ತದೆಯೇ ಎಂಬುದು ಮನೆಯ ಹೆಣ್ಣುಮಕ್ಕಳಿಗೆ, ಹಿರಿಯರಿಗೆ ಮೆಟ್ರೊದಷ್ಟೇ ದೊಡ್ಡ ಪ್ರಶ್ನೆ.

ಕಾಗದಪತ್ರ

ಮೊದಲ ಪಾಠ: ಖಾತಾ ಎಂದರೆ ಒಡೆತನವಲ್ಲ. ಅದು ತೆರಿಗೆ ಕಟ್ಟುವ ಲೆಕ್ಕ. ಒಡೆತನ ಬರುವುದು ನೋಂದಾಯಿತ ಕ್ರಯಪತ್ರದಿಂದ, ಅದರ ಹಿಂದಿನ ಮೂಲಪತ್ರಗಳ ಸರಪಳಿಯಿಂದ. ಹಾಗೆಂದು ಖಾತಾ ಬೇಡವೆಂದಲ್ಲ. ಇಂದು ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೇ ಆಗದು. 'ಬಿ ಖಾತಾ' ಎಂದರೆ ಅನುಮೋದನೆಯಲ್ಲಿ ಏನೋ ಕೊರತೆಯಿದೆ ಎಂಬ ಸೂಚನೆ. ಅದೇನೆಂದು ತಿಳಿಯದೆ ಮುಂದುವರಿಯಬೇಡಿ.

ನಿವೇಶನವಾದರೆ ಅದು ಹಿಂದೆ ಕೃಷಿಭೂಮಿಯಾಗಿತ್ತೇ, ಭೂಪರಿವರ್ತನೆಯ ಆದೇಶವಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಾತಿ ಸಿಕ್ಕಿದೆಯೇ ಎಂದು ನೋಡಬೇಕು. ಇವು ಇಲ್ಲದ್ದನ್ನೇ ಜನ 'ರೆವೆನ್ಯೂ ಸೈಟ್' ಎನ್ನುವುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲದು. ಜಮೀನನ್ನು ಮರಳಿ ಪಡೆಯುವುದು ಆ ಕುಟುಂಬಗಳ ನ್ಯಾಯವಾದ ಹಕ್ಕು. ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ, ನೀವೇ ಗೊತ್ತುಮಾಡಿಕೊಂಡ ವಕೀಲರಿಗೆ ತೋರಿಸಿ. ಮಾರುವವರು ಸೂಚಿಸಿದ ವಕೀಲರು ಸಾಲದು.

ಹೊಸ ಅಪಾರ್ಟ್‌ಮೆಂಟ್ ಆದರೆ 2016ರ ರೇರಾ ಕಾಯ್ದೆ ನಿಮ್ಮ ಜತೆಗಿದೆ. 500 ಚದರ ಮೀಟರ್ ಮೀರಿದ ನಿವೇಶನದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ ಯೋಜನೆ ನೋಂದಣಿಯಾಗಬೇಕು. ನೋಂದಾಯಿತ ಕರಾರು ಮಾಡಿಕೊಳ್ಳದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಬೆಲೆಯನ್ನು ಕಾರ್ಪೆಟ್ ಏರಿಯಾ ಮೇಲೆ ಲೆಕ್ಕ ಹಾಕಿ ಕೇಳಿ, ಮೆಟ್ಟಿಲು, ಲಿಫ್ಟಿನ ಪಾಲು ಸೇರಿದ 'ಸೂಪರ್ ಬಿಲ್ಟಪ್' ಮೇಲಲ್ಲ. ಕಟ್ಟಡಕ್ಕೆ ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ಸಿಗುವ ತನಕ ಗೃಹಪ್ರವೇಶದ ಮುಹೂರ್ತ ಇಡಿಸಬೇಡಿ.

ಕೈಯಲ್ಲಿರಬೇಕಾದ ದುಡ್ಡು

ಚುಟುಕಾಗಿ ಒಂದು ಲೆಕ್ಕ. ಮನೆ ಬೆಲೆ 60 ಲಕ್ಷ ಎಂದಿಟ್ಟುಕೊಳ್ಳಿ. 30ರಿಂದ 75 ಲಕ್ಷದೊಳಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಬೆಲೆಯ ಶೇ. 80. ಅಂದರೆ ಹೆಚ್ಚೆಂದರೆ 48 ಲಕ್ಷ ಸಾಲ, 12 ಲಕ್ಷ ನಿಮ್ಮದು. ಮುದ್ರಾಂಕ ಶುಲ್ಕ ಶೇ. 5ರಂತೆ 3 ಲಕ್ಷ, ನೋಂದಣಿ ಶುಲ್ಕ ಶೇ. 2ರಂತೆ 1.2 ಲಕ್ಷ, ಮೇಲೆ ಸೆಸ್ಸು, ಸರ್ಚಾರ್ಜು. ಅಲ್ಲಿಗೆ 16 ಲಕ್ಷ ದಾಟಿತು. 48 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 41,650 ರೂಪಾಯಿ. ಇದಕ್ಕೆ ನಿರ್ವಹಣೆ, ಓಡಾಟ, ಬೇಸಿಗೆಯ ಟ್ಯಾಂಕರ್ ಖರ್ಚು ಸೇರಿಸಿದ ಮೇಲೂ ಉಸಿರಾಡಲು ಜಾಗವಿದ್ದರೆ ಮುಂದುವರಿಯಿರಿ.

ನಾಲ್ಕು ಹೊತ್ತು ಹೋಗಿ ಬನ್ನಿ

ಒಂದು ಬಡಾವಣೆ ಒಂದೇ ಭೇಟಿಯಲ್ಲಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ವಾರದ ದಿನ ಬೆಳಿಗ್ಗೆ ಹೋಗಿ: ಹಾಲು, ಶಾಲಾ ವ್ಯಾನು, ಕಸದ ಗಾಡಿ ಬರುವ ಹೊತ್ತು. ಸಂಜೆ ಹೋಗಿ: ಪಾರ್ಕಿನಲ್ಲಿ ಮಕ್ಕಳಿದ್ದಾರೆಯೇ, ಅಜ್ಜ ಅಜ್ಜಿಯರು ಕೂತಿದ್ದಾರೆಯೇ? ರಾತ್ರಿ ಹೋಗಿ: ದೀಪ ಎಷ್ಟಿವೆ, ಔಷಧದಂಗಡಿ ತೆರೆದಿದೆಯೇ? ನಾಲ್ಕನೆಯ ಸಲ ಮಳೆ ಬರುವಾಗ ಹೋಗಿ. ಹೋದಾಗೆಲ್ಲ ಇಸ್ತ್ರಿಯವರನ್ನು, ತರಕಾರಿ ಗಾಡಿಯವರನ್ನು, ಟ್ಯಾಂಕರ್ ಚಾಲಕರನ್ನು ಮಾತಾಡಿಸಿ. ಅವರಿಗೆ ಮನೆ ಮಾರುವ ಅವಸರವಿಲ್ಲ, ಬೀದಿ ಮಾತ್ರ ಚೆನ್ನಾಗಿ ಗೊತ್ತು.

ಅಕ್ಕನ ಮಗಳು ಎಂಟು ತಿಂಗಳು ಹುಡುಕಿದಳು. ಕೊನೆಗೆ ಕೆಂಗೇರಿ ಉಪನಗರದ ಕಡೆ ಹಳೆಯದೊಂದು ಎರಡು ಕೋಣೆಯ ಫ್ಲ್ಯಾಟು ನೋಡಿದಳು. ಒಂದು ಗುರುವಾರ ರಾತ್ರಿ ಜೋರು ಮಳೆ. ಎಂಟು ಗಂಟೆಗೆ ಕೊಡೆ ಹಿಡಿದು ಒಬ್ಬಳೇ ಅಲ್ಲಿಗೆ ಹೋಗಿ, ಬೀದಿ ಕೊನೆಯ ಚರಂಡಿಯ ಬಳಿ ಅರ್ಧ ಗಂಟೆ ನಿಂತಿದ್ದಳಂತೆ. ಅಲ್ಲಿಂದಲೇ ಫೋನ್ ಮಾಡಿದಳು.

"ನೀರು ನಿಲ್ತಾ ಇಲ್ಲ ಚಿಕ್ಕಮ್ಮ, ಹರೀತಾ ಇದೆ."

"ಅಡುಗೆಮನೆ ಹೇಗಿದೆಯೇ?" ಎಂದು ಕೇಳಿದೆ.

"ಚಿಕ್ಕದು. ಅದನ್ನ ಆಮೇಲೆ ಸರಿ ಮಾಡಿಸ್ಕೋಬಹುದು," ಎಂದಳು.