ಇಂದಿನ ಧಮ್ಮ ಚಿಂತನೆ: ಸ್ವಂತ ಬೈಕೋ, ಸರ್ಕಾರಿ ಬಸ್ಸೋ?





ಕಳೆದ ಭಾನುವಾರ ಗುತ್ತಲದಲ್ಲಿ ವಂದನೆ ಮುಗಿದ ಮೇಲೆ ಒಬ್ಬ ತಮ್ಮ ಎದ್ದು ನಿಂತ. ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ, ದಿನಾ ಬಸ್ಸಿನಲ್ಲಿ ಓಡಾಟ. "ಅಣ್ಣಾರ, ಸಾಲಾ ಮಾಡಿ ಬೈಕ್ ತಗೋಬೇಕಂತ ಮಾಡೇನಿ. ಅವ್ವ ಬ್ಯಾಡ ಅಂತಾಳ. ಧಮ್ಮ ಏನ್ ಹೇಳತೈತಿ?" ಎಂದ. ಬೈಕಿಗೂ ಧಮ್ಮಕ್ಕೂ ಏನು ಸಂಬಂಧ ಎಂದು ಕೆಲವರು ನಕ್ಕರು. ನಗುವ ಮಾತಲ್ಲ ಅದು. ನಮ್ಮ ಜನರಿಗೆ ಗಾಡಿ ಎಂಬುದು ಎಂದೂ ಬರೀ ಗಾಡಿ ಆಗಿರಲಿಲ್ಲ.

1901ರಲ್ಲಿ ಬಾಲಕ ಭೀಮರಾವ್ ತಂದೆಯನ್ನು ನೋಡಲು ಕೋರೆಗಾಂವ್‌ಗೆ ಹೊರಟಿದ್ದು ನಮಗೆಲ್ಲ ಗೊತ್ತು. ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಆ ಮಕ್ಕಳ ಜಾತಿ ತಿಳಿದ ಮೇಲೆ ಯಾರೂ ಗಾಡಿ ಕಟ್ಟಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡು ಪಟ್ಟು, ಗಾಡಿ ಹೊಡೆಯಬೇಕಾದವರು ಮಕ್ಕಳೇ. ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬಂದ.

ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು 1929ರ ಚಾಳೀಸಗಾಂವ್ ಪ್ರಸಂಗ. ಆಗ ಬಾಬಾಸಾಹೇಬರು ಬ್ಯಾರಿಸ್ಟರ್, ಅಸ್ಪೃಶ್ಯರ ಮೇಲಿನ ದೌರ್ಜನ್ಯ ವಿಚಾರಿಸಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರು. ಸ್ಟೇಷನ್ನಿನಿಂದ ಮಹಾರವಾಡಕ್ಕೆ ಕರೆದೊಯ್ಯಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಟಾಂಗಾ ಬೇಕಾದರೆ ಕೊಡುತ್ತೇನೆ, ನಾನು ಮಾತ್ರ ಹೊಡೆಯುವುದಿಲ್ಲ ಎಂದನಂತೆ ಒಬ್ಬ. ಅತಿಥಿಯನ್ನು ನಡೆಸಿಕೊಂಡು ಹೋದರೆ ಮರ್ಯಾದೆ ಅಲ್ಲ ಎಂದು ನಮ್ಮವರೇ ಒಬ್ಬರು ಲಗಾಮು ಹಿಡಿದರು. ಅವರಿಗೆ ಟಾಂಗಾ ಹೊಡೆದು ಗೊತ್ತಿರಲಿಲ್ಲ. ನದಿಯ ಮೋರಿಯ ಮೇಲೆ ಚಕ್ರ ಕಲ್ಲುಗಳ ಸಂದಿಗೆ ಸಿಕ್ಕಿತು, ಕುದುರೆ ಟಾಂಗಾ ಸಮೇತ ನದಿಗೆ ಬಿತ್ತು, ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು.

'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನು ಬರೆಯುವಾಗ ಅವರು ಟಾಂಗಾದವನ ಜಾತಿ ಸೊಕ್ಕನ್ನು ಬಿಡಲಿಲ್ಲ. ಆದರೆ ನಮ್ಮವರನ್ನೂ ಸುಮ್ಮನೆ ಬಿಡಲಿಲ್ಲ, ಗಮನಿಸಿ. ಕೂತವನ ಮರ್ಯಾದೆಗಿಂತ ಅವನ ಜೀವ ದೊಡ್ಡದು ಎಂಬುದನ್ನು ಅವರು ಮರೆತರು ಎಂದು ನೇರವಾಗಿ ಹೇಳಿದರು. ಪ್ರೀತಿಯಿಂದ ಮಾಡಿದ್ದು ನಿಜ, ಆದರೂ ತಪ್ಪೇ.

ಇಂದು ಗುತ್ತಲದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೇಳುವುದು ಎಲ್ಲಿಗೆ ಎಂದು ಮಾತ್ರ. ಜಾತಿ ನೋಡಿ ಸಾರ್ವಜನಿಕ ವಾಹನಕ್ಕೆ ಹತ್ತಗೊಡದಿರುವುದು 1955ರ ಕಾಯ್ದೆಯಂತೆ ಅಪರಾಧ. ಆ ಸೀಟು ಪುಕ್ಕಟೆ ಬಂದದ್ದಲ್ಲ. ಹಾಗಾಗಿ "ಬಸ್ಸು ಗತಿ ಇಲ್ಲದವರಿಗೆ" ಎಂಬ ಮಾತು ನಮ್ಮ ಓಣಿಯಲ್ಲಿ ಕೇಳಿದರೆ ನನಗೆ ಸಂಕಟ.

ಹಾಗೆಂದು ಬೈಕ್ ಬೇಡವೇ? ತಥಾಗತರು ಗೃಹಸ್ಥ ಅನಾಥಪಿಂಡಿಕನಿಗೆ ನಾಲ್ಕು ಸುಖ ಹೇಳಿದರು. ದುಡಿದು ಗಳಿಸಿದ್ದು ಇರುವ ಅತ್ಥಿಸುಖ, ಅದನ್ನು ಬಳಸುವ ಭೋಗಸುಖ, ಸಾಲವಿಲ್ಲದ ಅನಣಸುಖ, ತಪ್ಪಿಲ್ಲದ ನಡತೆಯ ಅನವಜ್ಜಸುಖ. ಮೊದಲಿನ ಎರಡನ್ನು ಅವರು ತಳ್ಳಿಹಾಕಲಿಲ್ಲ. ಬೆವರಿನ ಹಣದಲ್ಲಿ ಬೈಕ್ ಕೊಂಡು ಅವ್ವನನ್ನು ಹಿಂದೆ ಕೂರಿಸಿಕೊಂಡು ಹೋಗುವ ಸುಖ ಪಾಪವಲ್ಲ. ಆದರೆ ಮೊದಲ ಮೂರೂ ಸೇರಿ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೂ ಸಮವಲ್ಲ ಎಂದರು.

ತಮ್ಮನ ಲೆಕ್ಕ ನೋಡೋಣ. ಕಂತು ತಿಂಗಳಿಗೆ 3,000 ಎಂದುಕೊಳ್ಳಿ. ದಿನಕ್ಕೆ ಒಂದು ಲೀಟರ್ ಪೆಟ್ರೋಲ್, 25 ದಿನಕ್ಕೆ 2,500 ದಾಟುತ್ತದೆ. ಇನ್ಶೂರೆನ್ಸ್, ಸರ್ವಿಸ್, ಟೈರ್ ಬೇರೆ. ಅಂಗಡಿಯ ಸಂಬಳದಲ್ಲಿ ಇಷ್ಟು ಹೋದರೆ ಮೂರನೆಯ ಸುಖ ಹೋಯಿತು. ಅವನ ಅವ್ವ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲದೆ ಹಾವೇರಿ ಆಸ್ಪತ್ರೆಗೆ ಹೋಗಿ ಬರುತ್ತಾಳೆ. ಮಗನಿಗೆ ಆ ಅನುಕೂಲ ಇಲ್ಲ, ಆದರೆ ಪಾಸ್ ಇದೆ.

ನಾಲ್ಕನೆಯ ಸುಖಕ್ಕೆ ಲೆಕ್ಕ ಬೇಕಿಲ್ಲ, ಮನಸ್ಸಾಕ್ಷಿ ಸಾಕು. ಲೈಸೆನ್ಸ್ ಇಲ್ಲದೆ, ಹೆಲ್ಮೆಟ್ ಇಲ್ಲದೆ, ಮೂರು ಜನ ಕೂತು ಹೆದ್ದಾರಿಗೆ ಏರುವವನು ಮೊದಲ ಶೀಲವನ್ನು ಎಲ್ಲಿಟ್ಟ? ಕುಡಿದು ಹ್ಯಾಂಡಲ್ ಹಿಡಿದರೆ ಐದನೆಯದೂ ಹೋಯಿತು, ಮೊದಲನೆಯದೂ. ನಮ್ಮ ಕೇರಿಗಳಲ್ಲಿ ಹೀಗೆ ಹೋದ ಹುಡುಗರನ್ನು ನೆನೆದರೆ ಚಾಳೀಸಗಾಂವ್‌ನ ಮೋರಿಯೇ ಕಣ್ಣಿಗೆ ಬರುತ್ತದೆ.

ತಮ್ಮ ಸುಮ್ಮನೆ ಕೇಳುತ್ತಿದ್ದವನು ಕೊನೆಗೆ ಒಂದು ಮಾತು ಹೇಳಿದ. "ರಾತ್ರಿ ಅಂಗಡಿ ಮುಚ್ಚೂದ್ರಾಗ ಬಸ್ ಹೋಗಿರತೈತಿ. ಆವಾಗ ಯಾರ್ದರ ಗಾಡಿಗೆ ಕೈ ಮಾಡಬೇಕು." ಇದು ತೃಷ್ಣೆ ಅಲ್ಲ, ಕಷ್ಟ. ಮದುವೆ ಮನೆಯಲ್ಲಿ ತೋರಿಸಲು ಬೈಕ್ ಬೇಕೆನ್ನುವವನಿಗೂ ಇವನಿಗೂ ಚೇತನ ಬೇರೆ. ಅಂಥವನಿಗೆ ಸೆಕೆಂಡ್ ಹ್ಯಾಂಡ್ ಗಾಡಿ, ಸಾಲವಿಲ್ಲದೆ, ರಾತ್ರಿ ಪಾಳಿ ಇದ್ದ ದಿನ ಮಾತ್ರ ಎಂಬುದು ನನ್ನ ಸಲಹೆ. ಹಗಲಿಗೆ ಬಸ್ಸೇ. ನಾಲ್ಕು ಜನ ಬೈಕಿಗೆ ಬದಲಾದರೆ ಕಡಿಮೆಯಾಗುವ ಟ್ರಿಪ್ಪು ಯಾರದ್ದು? ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳದ್ದು.

ಈ ಭಾನುವಾರ ತಮ್ಮ ತನ್ನ ಲೆಕ್ಕದ ಚೀಟಿ ತರುತ್ತಾನೆ. ಬೈಕ್ ಇರುವವರೂ ಒಂದು ತಿಂಗಳ ಪೆಟ್ರೋಲ್, ಕಂತು ಬರೆದು ತನ್ನಿ, ಮುಚ್ಚಿಡಬೇಡಿ. ರಾಣೆಬೆನ್ನೂರಿನಿಂದ ರಾತ್ರಿ ತಡವಾಗಿ ಒಂದು ಬಸ್ ಬೇಕೆಂದು ಡಿಪೊಗೆ ಅರ್ಜಿ ಬರೆಯೋಣ. ಯಾವ ಊರಿನವರು, ಎಷ್ಟು ಗಂಟೆಗೆ ಬೇಕು ಎಂಬುದನ್ನು ಶನಿವಾರದೊಳಗೆ ಈ ಗುಂಪಿಗೆ ಕಳಿಸಿ.

ಜೈಭೀಮ್, ನಮೋ ಬುದ್ಧಾಯ 🙏