ವ್ಯಾಯಾಮ ಮತ್ತು ವೈರಸ್ ರೋಗಗಳು: ಒಂದು ಪಾಠದ ಅವಲೋಕನ

ಅಭ್ಯಾಸ ಬೋಧನೆಯಲ್ಲಿ 8ನೇ ತರಗತಿಗೆ ‘ವ್ಯಾಯಾಮ ಮತ್ತು ರೋಗನಿರೋಧಕ ಶಕ್ತಿ’ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ‘ದಿನವೂ ವ್ಯಾಯಾಮ ಮಾಡಿದರೆ ವೈರಸ್ ರೋಗ ಬರುವುದಿಲ್ಲ’ ಎಂದು ಬರೆದೆ. ಒಬ್ಬ ವಿದ್ಯಾರ್ಥಿನಿ ಎದ್ದು, “ಟೀಚರ್, ನಮ್ಮಣ್ಣ ದಿನಾ ಓಡ್ತಾನೆ. ಆದ್ರೂ ಡೆಂಗ್ಯೂ ಬಂತು. ಅವನು ಸರಿಯಾಗಿ ಓಡಲಿಲ್ವಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಸಿದ್ಧತೆ ಮಾಡಿಕೊಂಡು ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ. ಡೆಂಗ್ಯೂ ಹರಡುವುದು ಈಡಿಸ್ ಸೊಳ್ಳೆಯಿಂದ. ಅದಕ್ಕೆ ನಿಂತ ನೀರನ್ನು ಚೆಲ್ಲಬೇಕು, ಓಟ ಸೊಳ್ಳೆಯನ್ನು ತಡೆಯದು. ನೆಗಡಿಯಂಥ ಉಸಿರಾಟದ ಸೋಂಕುಗಳ ವಿಷಯ ಬೇರೆ. ಅಮೆರಿಕದಲ್ಲಿ ಡೇವಿಡ್ ನೀಮನ್ ಮತ್ತು ಸಂಗಡಿಗರು ಸುಮಾರು 1,000 ವಯಸ್ಕರನ್ನು 12 ವಾರ ಗಮನಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ 5 ಅಥವಾ ಹೆಚ್ಚು ದಿನ ವ್ಯಾಯಾಮ ಮಾಡುತ್ತಿದ್ದವರು ಇಂಥ ಸೋಂಕಿನಿಂದ ನರಳಿದ ದಿನಗಳು, ಹೆಚ್ಚುಕಡಿಮೆ ವ್ಯಾಯಾಮವನ್ನೇ ಮಾಡದವರಿಗಿಂತ ಶೇ. 43ರಷ್ಟು ಕಡಿಮೆ ಇದ್ದವು.

ಚುರುಕಾಗಿ ನಡೆದಾಗ, ಆಡಿದಾಗ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳು ಸ್ವಲ್ಪ ಹೊತ್ತು ರಕ್ತದಲ್ಲಿ ಹೆಚ್ಚು ಸಂಚರಿಸುತ್ತವೆ. ಇದೊಂದು ಕಾರಣವಿರಬಹುದು. ಆದರೆ ಅಧ್ಯಯನ ತೋರಿಸಿದ್ದು ಸಂಬಂಧವನ್ನು ಮಾತ್ರ. ವ್ಯಾಯಾಮವೇ ಕಾರಣ ಎಂದು ಅದು ಸಾಬೀತುಪಡಿಸಿಲ್ಲ.

ಬಳಿಕ ಹಲಗೆಯ ವಾಕ್ಯವನ್ನು ಮಕ್ಕಳೇ ತಿದ್ದಿದರು: ‘ನಿಯಮಿತ ವ್ಯಾಯಾಮದಿಂದ ಕೆಲವು ವೈರಸ್ ಸೋಂಕುಗಳು ಕಡಿಮೆಯಾಗಬಹುದು.’ ಆ ಹುಡುಗಿ, “ಹಾಗಾದ್ರೆ ಅಣ್ಣಂದು ತಪ್ಪಿಲ್ಲ” ಎಂದು ಕುಳಿತಳು.

ನನ್ನ ಮೊದಲ ವಾಕ್ಯ ಕಾಯಿಲೆ ಬಿದ್ದವನನ್ನೇ ತಪ್ಪಿತಸ್ಥನನ್ನಾಗಿ ಮಾಡಿತ್ತು. ಆರೋಗ್ಯದ ಪಾಠಯೋಜನೆ ಬರೆಯುವಾಗ ‘ಬಹುದು’ ಎಲ್ಲಿ ಬೇಕೆಂದು ಈಗ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ.